ನಮ್ಮ ಗಣಕಶಾಲೆಯ ತಂತಿಜಾಲ: ಒಂದು ನಿವೇದನೆ

ಸಂಪಾದಕ ಮಂಡಲಿಯ ಮಿತ್ರರು ಈ ಸಂಪುಟಕ್ಕಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ, ಮೂವತ್ತನಾಲ್ಕು ವರ್ಷಗಳ ಕಾಲ ಈ ಶಾಲೆಯಲ್ಲಿ ಗಣಿತ ವಿಜ್ಞಾನಗಳನ್ನು ಬೋಧಿಸಿದ ನನ್ನಿಂದ ಅವರು ಹಿರಿಯ ಮುಖ್ಯೋಪಾಧ್ಯಾಯರೊಬ್ಬರ ಗುಣಕಥನವನ್ನೋ ಪ್ರಸಾದನಿಲಯದ ಸವಿನೆನಪುಗಳನ್ನೋ ನಿರೀಕ್ಷಿಸಿದ್ದಿರಬಹುದು. ಅಂತಹ ಲೇಖನಗಳನ್ನು ಬರೆಯಬಲ್ಲ ಸಮರ್ಥರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಬರೆಯಹೊರಟಿರುವುದು ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ತಂತಿಯ ವಿಚಾರ. ವಿಷಯ ಶುಷ್ಕವೆಂದು ಓದುಗರು ಪುಟ ಮಗುಚದಿರಲಿ. ಆ ತಂತಿಯ ನೆವದಲ್ಲಿ ನನ್ನಿಂದಾದ ಒಂದು ತಪ್ಪನ್ನು ದಾನಿಗಳ, ಸಹೋದ್ಯೋಗಿಗಳ ಹಾಗೂ ಹಳೆಯ ವಿದ್ಯಾರ್ಥಿಗಳ ಮುಂದೆ ಅಚ್ಚಿನ ರೂಪದಲ್ಲಿ ಒಪ್ಪಿಸಬೇಕಾಗಿದೆ. ಬಾಯಿಮಾತಿನ ಒಪ್ಪಿಗೆ ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಉಳಿಯುತ್ತದೆ.

ಶಿಕಾರಿಪುರ ಸೊರಬಗಳ ಸೀಮೆ ವಿದ್ಯೆಗೆ ಹೊಸದಲ್ಲ. ಮಯೂರಶರ್ಮನು ವಿದ್ಯಾರ್ಜನೆಗಾಗಿ ಕಾಂಚಿಯ ಘಟಿಕಾಸ್ಥಾನಕ್ಕೆ ಹೋದ ಸಂಗತಿಯನ್ನು ಹೇಳುವ ಸ್ತಂಭಶಾಸನ ಇಂದಿಗೂ ತಾಳಗುಂದದಲ್ಲಿ ನಿಂತಿದೆ. ಬಳ್ಳಿಗಾವಿಯ ಕೋಡಿಯಮಠವು ಶಾಸ್ತ್ರವ್ಯಾಸಂಗದ ನೆಲೆಯೂ, ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ನೀಡುವ ತಾಣವೂ ಆಗಿತ್ತೆಂದು 12ನೆಯ ಶತಮಾನದ ಶಾಸನ ಸಾರುತ್ತದೆ. ಇಂತಹ ನೆಲದಲ್ಲಿ, ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯ ಆಚೀಚೆಯ ಹಳ್ಳಿಗಳಿಂದ, ಭತ್ತದ ಗದ್ದೆ, ಜೋಳದ ಹೊಲ, ಅಡಿಕೆಯ ತೋಟಗಳನ್ನು ದಾಟಿಕೊಂಡು ನಮ್ಮ ಮಕ್ಕಳು ಶಾಲೆಗೆ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಗಣಕಯಂತ್ರವೆಂಬುದನ್ನು ಮೊದಲು ಕಂಡದ್ದು ಪಹಣಿ ಪಡೆಯಲು ಹೋದ ತಂದೆಯ ಬೆನ್ನುಹತ್ತಿ, ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದ ಕಿಟಕಿಯ ಹೊರಗೆ ನಿಂತು.

2018ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಕೂಡಿ, ಬಳಸಿದ್ದರೂ ಸುಸ್ಥಿತಿಯಲ್ಲಿದ್ದ 24 ಮೇಜುಗಣಕಗಳನ್ನು ಲಾರಿಯಲ್ಲಿ ಕಳುಹಿಸಿಕೊಟ್ಟರು. ಹೊಸ ಕಟ್ಟಡದ ಮೇಲಂತಸ್ತಿನ ಕೊಠಡಿಯೊಂದನ್ನು ಗಣಕಶಾಲೆಯೆಂದು ಗೊತ್ತುಮಾಡಿ, ಅವುಗಳನ್ನು ಸಾಲಾಗಿ ಇರಿಸಿ, ಪೂಜೆಯನ್ನೂ ಮಾಡಿದೆವು. ಆದರೆ ಅವು ಇಪ್ಪತ್ತನಾಲ್ಕು ದ್ವೀಪಗಳಾಗಿದ್ದವು. ಒಂದರಲ್ಲಿದ್ದ ಪಾಠ ಇನ್ನೊಂದಕ್ಕೆ ತಲಪಬೇಕಾದರೆ ಪೆನ್‌ಡ್ರೈವನ್ನು ಕೈಯಿಂದ ಕೈಗೆ ದಾಟಿಸಬೇಕು. ಪೆನ್‌ಡ್ರೈವಿನೊಡನೆ ವೈರಸ್ಸೂ ಪ್ರಯಾಣ ಮಾಡುತ್ತಿತ್ತು. ಅಂತರಜಾಲದ ಸಂಪರ್ಕವಿದ್ದುದು ಅಂಗಳದಾಚೆಯ ಹಳೆಯ ಕಟ್ಟಡದ ಕಚೇರಿಯಲ್ಲಿ ಮಾತ್ರ. ಮುದ್ರಣಯಂತ್ರವೂ ಅಲ್ಲಿಯೇ. ಹೀಗಾಗಿ ಈ ಯಂತ್ರಗಳನ್ನು ಜಾಲವಾಗಿ ಹೆಣೆಯುವುದು ಅನಿವಾರ್ಯವಾಯಿತು.

ವೈಫೈ ಹಾಕಿಸಿದರೆ ಮುಗಿಯಿತಲ್ಲ ಎಂದವರು ಕೆಲವರು. ಆ ಯಂತ್ರಗಳಲ್ಲಿ ನಿಸ್ತಂತು ಸಂಪರ್ಕದ ಕಾರ್ಡುಗಳಿರಲಿಲ್ಲ. ಮಿಗಿಲಾಗಿ ನಮ್ಮ ಹಳೆಯ ಕಟ್ಟಡದ ಗೋಡೆಗಳು ದಪ್ಪನೆಯ ಜಂಬಿಟ್ಟಿಗೆಯವು. ಕಚೇರಿಯ ವೈಫೈ ಪಕ್ಕದ ಕೊಠಡಿಗೆ ಬರುವಷ್ಟರಲ್ಲಿಯೇ ಸೊರಗುತ್ತಿತ್ತು. ಪ್ರತಿ ಯಂತ್ರದ ಹಿಂಬದಿಯಲ್ಲಿ ತಂತಿಯ ಜಾಲಕ್ಕೆ ಬೇಕಾದ ಪೋರ್ಟು ಮಾತ್ರ ಸಿದ್ಧವಾಗಿಯೇ ಇತ್ತು. ಇದ್ದುದನ್ನು ಬಳಸುವುದು ಜಾಣತನವೆಂದು ನಾನು ಆ ಹೊಣೆಯನ್ನು ಹೊತ್ತುಕೊಂಡೆ. ಆಗ ನನಗೆ ಐವತ್ತೇಳು ವರ್ಷ. ತಂತಿಯ ಒಂದು ತುದಿಯನ್ನೂ ಕಟ್ಟಿ ಅನುಭವವಿರಲಿಲ್ಲ.

ನನಗೆ ಕಲಿಸಿದವನು ನನ್ನ ಶಿಷ್ಯನೇ. ಹೆಸರನ್ನು ಬರೆಯಕೂಡದೆಂದು ಆತನ ಕಟ್ಟಪ್ಪಣೆ. 1998ರಲ್ಲಿ ಆತ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾದ. ಆತನ ತಂದೆ ಕೈಯಲ್ಲಿ ಟವೆಲ್ ಹಿಡಿದುಕೊಂಡು ನನ್ನ ಬಳಿಗೆ ಬಂದು, ಮತ್ತೊಮ್ಮೆ ಕಟ್ಟಿಸಲೇ ಎಂದು ಕೇಳಿದಾಗ, "ಈತನಿಗೆ ವಿದ್ಯೆ ಹತ್ತುವುದಿಲ್ಲ, ಯಾವುದಾದರೂ ಕೆಲಸಕ್ಕೆ ಹಚ್ಚಿರಿ" ಎಂದು ಹೇಳಿ ಕಳುಹಿಸಿದವನು ನಾನು. ಆತ ಟಿ.ವಿ. ದುರಸ್ತಿ ಕಲಿತು, ಕೇಬಲ್ ಟಿ.ವಿ.ಯವರ ತಂತಿ ಎಳೆದು, ಶಿರಾಳಕೊಪ್ಪದಲ್ಲಿ ಒಂದು ಸಣ್ಣ ಅಂಗಡಿಯನ್ನು ಇಟ್ಟಿದ್ದ. ಸುತ್ತಿನ ಹತ್ತಾರು ಕಚೇರಿಗಳ ಗಣಕಜಾಲಗಳನ್ನು ಅವನೇ ನೋಡಿಕೊಳ್ಳುತ್ತಿದ್ದಾನೆಂದು ತಿಳಿದು, ಸಂಕೋಚದಿಂದಲೇ ಅಂಗಡಿಯ ಮೆಟ್ಟಿಲು ಹತ್ತಿದೆ. ಆತ ಹಳೆಯದನ್ನೇನೂ ಎತ್ತಲಿಲ್ಲ. "ನಮ್ಮ ಸಾಲಿ ಕೆಲಸಕ್ಕ ದುಡ್ಡು ತಗೊಳ್ಳೋದಿಲ್ರಿ ಸರ್, ಸಾಮಾನು ಮಾತ್ರ ತರಿಸ್ರಿ" ಎಂದ. 305 ಮೀಟರಿನ ಕೇಬಲ್ ಪೆಟ್ಟಿಗೆ, 24 ಪೋರ್ಟುಗಳ ಸ್ವಿಚ್ಚು, ಸ್ಫಟಿಕದಂತಹ ಪುಟ್ಟ ಕನೆಕ್ಟರುಗಳ ಒಂದು ಚೀಲ, ಅವುಗಳನ್ನು ಒತ್ತಿ ಕೂರಿಸುವ ಇಕ್ಕಳ ಇವಿಷ್ಟನ್ನು ಶಿವಮೊಗ್ಗೆಯಿಂದ ತರಿಸಿದೆವು.

ಈ ತಂತಿಜಾಲಕ್ಕೆ ಈಥರ್‌ನೆಟ್ ಎಂದು ಹೆಸರು. 1973ರ ಮೇ 22ರಂದು ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ತರುಣ ವಿಜ್ಞಾನಿ ಬರೆದ ಟಿಪ್ಪಣಿಯೊಂದರಲ್ಲಿ ಇದರ ಕಲ್ಪನೆ ಮೊದಲು ಮೂಡಿತು; ಡೇವಿಡ್ ಬಾಗ್ಸ್ ಆತನೊಡನೆ ಅದನ್ನು ಕಟ್ಟಿದವನು. ಬೆಳಕು ಸಂಚರಿಸಲು ವಿಶ್ವವನ್ನೆಲ್ಲ ತುಂಬಿದ ಈಥರ್ ಎಂಬ ಮಾಧ್ಯಮವೊಂದು ಇರಬೇಕೆಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ನಡೆಸಿದ ಪ್ರಯೋಗ ಆ ನಂಬಿಕೆಯ ಬುಡವನ್ನೇ ಅಲುಗಿಸಿತು. ಇಲ್ಲದ ಆ ಈಥರಿನ ಹೆಸರನ್ನು ಇರುವ ತಂತಿಗೆ ಇಟ್ಟದ್ದು ಒಂದು ಚಮತ್ಕಾರ. ಮೊದಲಲ್ಲಿ ಒಂದೇ ದಪ್ಪ ತಂತಿಗೆ ಎಲ್ಲ ಯಂತ್ರಗಳೂ ಜೋತುಬಿದ್ದಿದ್ದವು. ಇಬ್ಬರು ಒಮ್ಮೆಲೇ ಮಾತನಾಡಿದರೆ ಮಾತು ಕೆಡುತ್ತಿತ್ತು, ಇಬ್ಬರೂ ಸುಮ್ಮನಾಗಿ ತುಸು ತಡೆದು ಮತ್ತೆ ಮಾತನಾಡಬೇಕಿತ್ತು. 1983ರಲ್ಲಿ ಇದಕ್ಕೆ ಸರ್ವಸಮ್ಮತವಾದ ಮಾನಕ ಬಂದಿತು. 1990ರಲ್ಲಿ ಹುರಿಗೊಳಿಸಿದ ತೆಳುತಂತಿಯ ಮಾನಕ ಹೊರಟಿತು. ಈಗ ಸ್ವಿಚ್ಚೆಂಬ ಪೆಟ್ಟಿಗೆ ನಡುವೆ ಕುಳಿತು ಒಬ್ಬರ ಮಾತನ್ನು ಸಂಬಂಧಪಟ್ಟ ಇನ್ನೊಬ್ಬರಿಗೆ ಮಾತ್ರ ಮುಟ್ಟಿಸುತ್ತದೆ. ಮೆಟ್‌ಕಾಫ್‌ಗೆ 2022ರ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿದೆ.

ಕೇಬಲಿನ ಹೊದಿಕೆಯನ್ನು ಸುಲಿದರೆ ಒಳಗೆ ಎಂಟು ಎಳೆಗಳು, ನಾಲ್ಕು ಜೋಡಿಗಳಾಗಿ ಹುರಿಗೊಂಡಿರುತ್ತವೆ. ಹುರಿ ಕೇವಲ ಬಲಕ್ಕಾಗಿ ಇರುವುದಲ್ಲ. ಹೊರಗಿನ ವಿದ್ಯುತ್ತಿನ ಗದ್ದಲ ಜೋಡಿಯ ಎರಡೂ ಎಳೆಗಳ ಮೇಲೆ ಸಮನಾಗಿ ಬೀಳುವಂತೆ ಮಾಡಿದರೆ, ಅವೆರಡರ ವ್ಯತ್ಯಾಸವನ್ನಷ್ಟೇ ಓದುವ ಯಂತ್ರಕ್ಕೆ ಆ ಗದ್ದಲ ಕೇಳಿಸುವುದೇ ಇಲ್ಲ. ಆದುದರಿಂದ ತುದಿಯಲ್ಲಿ ಹುರಿಯನ್ನು ಬಿಚ್ಚುವುದು ಅರ್ಧ ಅಂಗುಲವನ್ನು ಮೀರಬಾರದು. ಬಿಚ್ಚಿದ ಎಳೆಗಳನ್ನು ಬಣ್ಣದ ಕ್ರಮ ತಪ್ಪದಂತೆ ಜೋಡಿಸಬೇಕು: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಎಂಟನ್ನೂ ಸಮನಾಗಿ ಕತ್ತರಿಸಿ, ಕನೆಕ್ಟರಿನ ಗೂಡಿನೊಳಗೆ ಕೊನೆಯವರೆಗೆ ತಳ್ಳಿ, ಇಕ್ಕಳದಿಂದ ಒತ್ತಬೇಕು. ಹೇಳುವುದಕ್ಕೆ ಸುಲಭ. ನಾನು ಮೊದಲ ದಿನ ಕಟ್ಟಿದ ಹತ್ತು ತುದಿಗಳಲ್ಲಿ ಪರೀಕ್ಷೆಗೆ ನಿಂತದ್ದು ಮೂರೇ. ನನ್ನ ಶಿಷ್ಯನ ಬೆರಳುಗಳು ಸೊರಬದ ಗುಡಿಗಾರರ ಉಳಿಯಂತೆ ನಿಶ್ಚಿತವಾಗಿ ಚಲಿಸುತ್ತಿದ್ದವು. ನನ್ನ ತುದಿಯೊಂದನ್ನು ಬೆಳಕಿಗೆ ಹಿಡಿದು ನೋಡಿ, "ನೀಲಿ ಹಿಂದ ಉಳದೈತ್ರಿ ಸರ್, ಇನ್ನೊಮ್ಮೆ ಮಾಡ್ರಿ" ಎನ್ನುತ್ತಿದ್ದ. 'ಇನ್ನೊಮ್ಮೆ ಮಾಡು' ಎಂಬ ಮಾತನ್ನು 1998ರಲ್ಲಿ ನಾನು ಆತನಿಗೆ ಹೇಳಿರಲಿಲ್ಲವೆಂಬುದು ಆಗ ನನ್ನ ಮನಸ್ಸಿಗೆ ನಾಟಿತು.

ಇನ್ನೊಂದು ಸೂಕ್ಷ್ಮವನ್ನೂ ಆತನೇ ತೋರಿಸಿದ. ಸೆಕೆಂಡಿಗೆ ನೂರು ಮೆಗಾಬಿಟ್ಟಿನ ವೇಗಕ್ಕೆ ಎರಡು ಜೋಡಿಗಳು ಸಾಕು. ಸಾವಿರ ಮೆಗಾಬಿಟ್ಟಿಗೆ ನಾಲ್ಕೂ ಜೋಡಿಗಳು ಬೇಕು. ನೀಲಿಯದೋ ಕಂದಿನದೋ ಜೋಡಿ ಕೆಟ್ಟರೆ ಎಷ್ಟೋ ವೇಳೆ ಸಂಪರ್ಕ ಕಡಿದುಹೋಗದೆ, ಯಂತ್ರಗಳು ತಮ್ಮತಮ್ಮಲ್ಲೇ ಮಾತನಾಡಿಕೊಂಡು ನೂರಕ್ಕೆ ಇಳಿದುಬಿಡುತ್ತವೆ. ಕೆಲಸವೇನೋ ಸಾಗುತ್ತಿರುತ್ತದೆ, ಸ್ವಿಚ್ಚಿನ ದೀಪದ ಬಣ್ಣವನ್ನು ಗಮನಿಸುವವನಿಗೆ ಮಾತ್ರ ಕೊರತೆ ತಿಳಿಯುತ್ತದೆ. ನಮ್ಮಲ್ಲಿ ಅಂತಹ ಐದು ತಂತಿಗಳಿದ್ದವು. ಐದನ್ನೂ ಕತ್ತರಿಸಿ ಮತ್ತೆ ಕಟ್ಟಿದೆವು.

ತಂತಿಯ ಕೆಲಸ ಮುಗಿದ ಮೇಲೆ ವಿಳಾಸಗಳ ಕೆಲಸ. ಯಂತ್ರಗಳಿಗೆಲ್ಲ ಉಚಿತವಾಗಿ ದೊರೆಯುವ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದ್ದೆವು. ಅದರ ಜಾಲದ ಪುಟದಲ್ಲಿ ವೈರ್ಡ್ ಎಂಬ ಶೀರ್ಷಿಕೆಯ ಕೆಳಗೆ ಪ್ರತಿ ಯಂತ್ರಕ್ಕೂ ಒಂದು ಅಂಕಿಯ ವಿಳಾಸ ಬೇಕು. 192.168 ಎಂದು ಆರಂಭವಾಗುವ ವಿಳಾಸಗಳನ್ನು ಮನೆಯೊಳಗಿನ, ಸಂಸ್ಥೆಯೊಳಗಿನ ಬಳಕೆಗೆಂದೇ 1994ರಿಂದ ಮೀಸಲಿಟ್ಟಿದ್ದಾರೆ, 255.255.255.0 ಎಂಬ ಮುಸುಕನ್ನು ಹಾಕಿದರೆ ಒಂದು ಕೇರಿಯಲ್ಲಿ 254 ಮನೆಗಳು. ಒಂದು ದಿನ ನನ್ನ ಅಜಾಗರೂಕತೆಯಿಂದ ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದು, ಒಂದು ಮಾತನಾಡಿದರೆ ಇನ್ನೊಂದು ಮೂಕವಾಗುತ್ತಿತ್ತು. ಹಾಜರಿ ಕೂಗುವಾಗ ಒಂದೇ ಹೆಸರಿನ ಇಬ್ಬರು ಹುಡುಗರು ಎದ್ದುನಿಂತ ಹಾಗಾಯಿತು. ಮುಂದೆ ವಿಳಾಸ ಹಂಚುವ ಕೆಲಸವನ್ನು ರೌಟರಿಗೇ ಒಪ್ಪಿಸಿ, ಯಾವ ಯಂತ್ರಕ್ಕೆ ಯಾವ ಅಂಕಿಯೆಂಬುದನ್ನು ಅಲ್ಲಿಯೇ ಖಾಯಂ ಮಾಡಿದೆವು. ಯಂತ್ರವೊಂದು 169.254 ಎಂದು ಆರಂಭವಾಗುವ ವಿಳಾಸವನ್ನು ತೋರಿಸಿದರೆ, ಕೊಡುವವರು ಯಾರೂ ಸಿಕ್ಕದೆ ಅದು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ಅರ್ಥ. ಆಗ ಮೊದಲು ತಂತಿಯನ್ನು ನೋಡಬೇಕು.

ಆ ವರ್ಷದ ಅಕ್ಟೋಬರಿನಲ್ಲಿ ಇಪ್ಪತ್ತನಾಲ್ಕು ಯಂತ್ರಗಳೂ ಒಂದಾದವು. ಕನ್ನಡ ವಿಕಿಪೀಡಿಯವನ್ನು ಕೀವಿಕ್ಸ್ ಎಂಬ ತಂತ್ರಾಂಶದ ಮೂಲಕ ಒಂದು ಯಂತ್ರದಲ್ಲಿ ಇಳಿಸಿಟ್ಟು, ಅಂತರಜಾಲವಿಲ್ಲದ ದಿನವೂ ಎಲ್ಲ ಮಕ್ಕಳೂ ಓದುವಂತೆ ಮಾಡಿದೆವು. ಸೊರಬ ತಾಲ್ಲೂಕಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮೊದಲು ಹುಡುಕಿದ್ದು ಗುಡವಿ ಪಕ್ಷಿಧಾಮವನ್ನು. ತನ್ನೂರಿನ ಪಕ್ಕದ ಕೆರೆ ಪರದೆಯ ಮೇಲೆ ಬಂದುದನ್ನು ಕಂಡು ಆಕೆ ಏನೂ ಹೇಳದೆ ಹಿಂದೆ ತಿರುಗಿ ನನ್ನನ್ನು ನೋಡಿದಳು.

ಈಗ ತಪ್ಪಿನ ವಿಚಾರಕ್ಕೆ ಬರುತ್ತೇನೆ.

ಹಳೆಯ ಕಟ್ಟಡಕ್ಕೂ ಹೊಸ ಕಟ್ಟಡಕ್ಕೂ ನಡುವೆ ಅರುವತ್ತು ಮೀಟರಿನ ಅಂಗಳವಿದೆ. ಕಚೇರಿಯ ಸಂಪರ್ಕವನ್ನು ಗಣಕಶಾಲೆಗೆ ತರಲು ಆ ಅಂಗಳವನ್ನು ದಾಟಬೇಕು. ತಾಮ್ರದ ತಂತಿ ನೂರು ಮೀಟರಿನವರೆಗೆ ನಡೆಯುತ್ತದೆಂಬ ನಿಯಮವನ್ನು ಓದಿದ್ದ ನಾನು, ಪೆಟ್ಟಿಗೆಯಲ್ಲಿ ಉಳಿದ ಕೇಬಲನ್ನೇ ಕಂಬದಿಂದ ಕಂಬಕ್ಕೆ ಎಳೆಯುವುದೆಂದು ನಿಶ್ಚಯಿಸಿದೆ. ನನ್ನ ಶಿಷ್ಯ ತಲೆಯಾಡಿಸಿದ. "ಮ್ಯಾಲೆ ತಾಮ್ರದ ತಂತಿ ಎಳಿಯೋದು ಬ್ಯಾಡ್ರಿ ಸರ್. ನಮ್ಮ ಕಡೆ ಸಿಡಿಲು ಬಾಳ. ಗಾಜಿನ ಕೇಬಲ್ ಹಾಕಿ ನೆಲದಾಗ ಹೂಳೂಣು" ಎಂದ. ಅದಕ್ಕೆ ತಗಲುವ ವೆಚ್ಚವನ್ನು ಕೇಳಿ, ದಾನಿಗಳ ಹಣವನ್ನು ಉಳಿಸುವುದು ನನ್ನ ಧರ್ಮವೆಂದು ಭಾವಿಸಿದೆ. ಇನ್ನೂ ನಿಜ ಹೇಳಬೇಕೆಂದರೆ, ಭೌತಶಾಸ್ತ್ರವನ್ನು ಮೂರು ದಶಕ ಬೋಧಿಸಿದ ನನಗೆ ಸಿಡಿಲಿನ ಪಾಠವನ್ನು ಆತ ಹೇಳುವುದು ಸರಿಬರಲಿಲ್ಲ. ಆತ ಮರುಮಾತನಾಡದೆ ನಾನು ಹೇಳಿದಂತೆ ತಂತಿಯನ್ನು ಎಳೆದುಕೊಟ್ಟ. ಹೋಗುವಾಗ, "ರಜಾ ಬಂದಾಗ ಎಲ್ಲಾ ತಂತೀನೂ ಕಿತ್ತು ಇಡ್ರಿ, ಕರೆಂಟಿಂದೂ, ನೆಟ್ಟಿಂದೂ" ಎಂದು ಎಚ್ಚರಿಸಿದ.

2019ರ ಏಪ್ರಿಲ್ ತಿಂಗಳಲ್ಲಿ ಬೇಸಿಗೆಯ ರಜೆ ಆರಂಭವಾದಾಗ ನಾನು ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ, ಬಾಗಿಲಿಗೆ ಬೀಗ ಹಾಕಿ ಮನೆಗೆ ಹೋದೆ. ಪ್ಲಗ್ಗುಗಳನ್ನು ಕೀಳಲಿಲ್ಲ, ಜಾಲದ ತಂತಿಗಳನ್ನೂ ಕೀಳಲಿಲ್ಲ. ಗೋಡೆಯ ಸ್ವಿಚ್ಚು ತಡೆಯುವುದು ಒಂದು ತಂತಿಯನ್ನು ಮಾತ್ರ. ಭೂಮಿಗೆ ಹೋಗುವ ತಂತಿ ಯಂತ್ರದ ಕವಚಕ್ಕೆ ಅಂಟಿಕೊಂಡೇ ಇರುತ್ತದೆ. ಸಿಡಿಲಿನ ಅಬ್ಬರ ಜಾಲದ ತಂತಿಯಲ್ಲಿ ಬಂದರೆ, ಯಂತ್ರದ ಮೂಲಕ ಹಾದು ಭೂಮಿಗಿಳಿಯಲು ಅದಕ್ಕೆ ದಾರಿ ಸಿದ್ಧವಾಗಿಯೇ ಇತ್ತು. ಮಕ್ಕಳಿಗೆ ನಾನೇ ಬೋಧಿಸುತ್ತಿದ್ದ ಪಾಠವಿದು.

ಭರಣಿ ಮಳೆ ಬಂದರೆ ಧರಣಿಗೆಲ್ಲ ಬೆಳೆ ಎಂದು ನಮ್ಮ ರೈತರು ಆ ಮಳೆಯನ್ನು ಕಾಯುತ್ತಾರೆ. ಆ ವರ್ಷ ಭರಣಿ ಗುಡುಗಿನೊಡನೆ ಬಂದಿತು. ಒಂದು ಸಂಜೆ ಶಾಲೆಯ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಮರುದಿನ ಹೋಗಿ ಬೀಗ ತೆಗೆದಾಗ ಕೊಠಡಿಯಲ್ಲಿ ಸುಟ್ಟ ವಾಸನೆ ನಿಂತಿತ್ತು. ಸ್ವಿಚ್ಚು ಸತ್ತಿತ್ತು. ಇಪ್ಪತ್ತನಾಲ್ಕು ಯಂತ್ರಗಳಲ್ಲಿ ಹನ್ನೊಂದರ ಜಾಲದ ಪೋರ್ಟುಗಳು ಸುಟ್ಟಿದ್ದವು. ಕಚೇರಿಯ ರೌಟರೂ ಹೋಗಿತ್ತು.

ಜೂನ್ ತಿಂಗಳಲ್ಲಿ ಆಡಳಿತ ಸಮಿತಿಯ ಸಭೆ ಸೇರಿತು. ಕೆಲವು ದಾನಿಗಳೂ ಬಂದಿದ್ದರು. ನಷ್ಟದ ಪಟ್ಟಿಯನ್ನು ಓದಿದೆ. ಹಿರಿಯ ಸದಸ್ಯರೊಬ್ಬರು, "ತಂತಿ ಎಳೆದವರು ಯಾರು?" ಎಂದರು. ಯಾರೋ ಹೆಸರು ಹೇಳಿದರು. "ಎಸ್.ಎಸ್.ಎಲ್.ಸಿ. ಪಾಸಾಗದವನ ಕೈಗೆ ಇಂಥ ಕೆಲಸ ಕೊಟ್ಟರೆ ಇನ್ನೇನಾದೀತು" ಎಂದು ಇನ್ನೊಬ್ಬರೆಂದರು. ನಾನು ಆಗಲೇ ಎದ್ದು ಮಾತನಾಡಬೇಕಿತ್ತು. ಮಾತನಾಡಲಿಲ್ಲ. ಮೇಜಿನ ಮೇಲಿನ ಕಾಗದವನ್ನು ಮಡಿಸುತ್ತ ಕುಳಿತಿದ್ದೆ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಹಳ್ಳಿಗಾಡಿನಲ್ಲಿ ಮಾತು ತಂತಿಯಿಲ್ಲದೆಯೇ ಹರಿಯುತ್ತದೆ. ಹದಿನೈದು ದಿನಗಳೊಳಗೆ, ಆತ ನೋಡಿಕೊಳ್ಳುತ್ತಿದ್ದ ಎರಡು ಕಡೆಗಳಲ್ಲಿ ಆತನ ಕೆಲಸ ನಿಂತಿತೆಂದು ಕೇಳಿದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇಪ್ಪತ್ತೊಂದು ವರ್ಷಗಳ ಹಿಂದೆ ಒಂದು ಮಾತನ್ನಾಡಿ ಆತನ ಓದಿನ ಬಾಗಿಲನ್ನು ಮುಚ್ಚಿದ್ದೆ. ಈಗ ಒಂದು ಮಾತನ್ನಾಡದೆ ಆತನ ಅನ್ನದ ಬಾಗಿಲನ್ನು ಮುಚ್ಚುತ್ತಿದ್ದೆ. ಜುಲೈ ತಿಂಗಳ ಸಭೆಯಲ್ಲಿ, ಕಾರ್ಯಕಲಾಪ ಆರಂಭವಾಗುವ ಮುನ್ನವೇ ಎದ್ದುನಿಂತು, ಆತನ ಎಚ್ಚರಿಕೆಯನ್ನೂ ನನ್ನ ಹಟವನ್ನೂ ಕೀಳದೆ ಬಿಟ್ಟ ತಂತಿಗಳನ್ನೂ ಹಿಂದಿನ ಸಭೆಯ ನನ್ನ ಮೌನವನ್ನೂ ಒಂದೊಂದಾಗಿ ಹೇಳಿದೆ. ಹೊಸ ಸಾಮಗ್ರಿಯ ವೆಚ್ಚವನ್ನು ನಾನೇ ಭರಿಸುವೆನೆಂದೂ, ಇದೆಲ್ಲವೂ ನಡವಳಿಕೆಯ ಪುಸ್ತಕದಲ್ಲಿ ದಾಖಲಾಗಬೇಕೆಂದೂ ಕೇಳಿಕೊಂಡೆ. ಅಡಿಕೆಯ ಬೆಳೆಗಾರರಾದ ದಾನಿಯೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ದುಡ್ಡಿನ ಮಾತು ಹಾಗಿರಲಿ ಮೇಷ್ಟ್ರೇ, ಆ ಹುಡುಗನ ಹತ್ತಿರ ಹೋಗಿದ್ದಿರಾ?" ಎಂದು ಕೇಳಿದರು. ಹೋಗಿರಲಿಲ್ಲ.

ಸಭೆ ಮುಗಿದೊಡನೆ ಶಿರಾಳಕೊಪ್ಪದ ಬಸ್ಸು ಹತ್ತಿದೆ. ಮಳೆ ಹಿಡಿದಿತ್ತು. ಆತ ಯಾವುದೋ ಟಿ.ವಿ.ಯ ಹಲಗೆಗೆ ಬೆಸುಗೆ ಹಾಕುತ್ತಿದ್ದ. ನಾನು ಹೇಳಬೇಕಾದುದನ್ನೆಲ್ಲ ಹೇಳಿದೆ. ಆತ ಬೆಸುಗೆಯ ಕಡ್ಡಿಯನ್ನು ಕೆಳಗಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಕೆಲಸ ಮುಗಿದ ಮೇಲೆ, "ಟೀ ಕುಡೀರಿ ಸರ್" ಎಂದ. ಆಮೇಲೆ, "ಗಾಜಿನ ಕೇಬಲ್ ಈ ತಿಂಗಳಾಗ ಹಾಕೂಣು. ಆದರ ಈ ಸಲ ಬಿಲ್ಲು ಕೊಡ್ತೀನ್ರಿ" ಎಂದ. ಆ ಬಿಲ್ಲನ್ನು ಪೂರ್ತಿಯಾಗಿ ಸಲ್ಲಿಸಿದ ದಿನ ನನಗೆ ಸಮಾಧಾನವಾಯಿತು. ಹಿಂದಿನ ಕೆಲಸವನ್ನು ಆತ ಗುರುದಕ್ಷಿಣೆಯೆಂದು ಮಾಡಿದ್ದ. ಅದನ್ನು ಪಡೆಯುವ ಅರ್ಹತೆ ನನಗಿರಲಿಲ್ಲ.

2019ರ ಆಗಸ್ಟಿನಲ್ಲಿ ಅಂಗಳದ ನೆಲವನ್ನು ಅಗೆದು, ಕೊಳವೆಯೊಳಗೆ ಗಾಜಿನೆಳೆಯ ಕೇಬಲನ್ನು ಹೂಳಿದೆವು. ಲೋಹದ ಎಳೆಯೊಂದೂ ಇಲ್ಲದ ಕೇಬಲನ್ನೇ ಆತ ಆರಿಸಿ ತಂದಿದ್ದ. ಎರಡೂ ತುದಿಗಳಲ್ಲಿ ಬೆಳಕನ್ನು ವಿದ್ಯುತ್ಸಂಕೇತವಾಗಿ, ವಿದ್ಯುತ್ಸಂಕೇತವನ್ನು ಬೆಳಕಾಗಿ ಮಾರ್ಪಡಿಸುವ ಪುಟ್ಟ ಪೆಟ್ಟಿಗೆಗಳು ಕುಳಿತವು. ಗಾಜಿನಲ್ಲಿ ಬೆಳಕು ಹರಿಯುತ್ತದೆ. ಸಿಡಿಲಿನ ವಿದ್ಯುತ್ತು ಹರಿಯುವುದಿಲ್ಲ. ಹನ್ನೊಂದು ಯಂತ್ರಗಳ ಮದರ್‌ಬೋರ್ಡುಗಳು ಬದುಕಿದ್ದುದರಿಂದ, ಅವುಗಳಿಗೆ ಬೇರೆ ಜಾಲದ ಕಾರ್ಡುಗಳನ್ನು ಸಿಕ್ಕಿಸಿದರೆ ಸಾಕಾಯಿತು.

ಆ ದಿನಗಳಲ್ಲಿಯೇ ಆತ ನನಗೆ ಇನ್ನೊಂದು ವಿದ್ಯೆಯನ್ನು ಕಲಿಸಿದ. ಆರಿಸಿದ ಯಂತ್ರವನ್ನು ಜಾಲದ ಮೂಲಕವೇ ಎಬ್ಬಿಸುವ ಉಪಾಯವದು. ಪ್ರತಿಯೊಂದು ಜಾಲದ ಕಾರ್ಡಿಗೂ ಕಾರ್ಖಾನೆಯಲ್ಲಿಯೇ ಇಟ್ಟ, ಆರು ಬೈಟುಗಳ ಹೆಸರೊಂದಿರುತ್ತದೆ. ಯಂತ್ರ ಆರಿದ್ದರೂ ಕರೆಂಟಿನ ಸಂಪರ್ಕವಿದ್ದರೆ ಆ ಕಾರ್ಡು ಮಾತ್ರ ಎಚ್ಚರವಾಗಿದ್ದು, ಒಂದೇ ಒಂದು ಸಂದೇಶವನ್ನು ಕಾಯುತ್ತಿರುತ್ತದೆ: ಮೊದಲು ಎಲ್ಲ ಬಿಟ್ಟುಗಳೂ ಒಂದೇ ಆಗಿರುವ ಆರು ಬೈಟುಗಳು, ಅನಂತರ ಅದರ ಹೆಸರು ಹದಿನಾರು ಬಾರಿ, ಒಟ್ಟು 102 ಬೈಟುಗಳು. ಅದು ಕೇಳಿಸಿದೊಡನೆ ಯಂತ್ರ ಏಳುತ್ತದೆ. ಇದಕ್ಕಾಗಿ ಬಯೋಸಿನಲ್ಲಿ ಜಾಲದಿಂದ ಏಳುವ ಅನುಮತಿಯನ್ನು ನೀಡಬೇಕು. ವಿದ್ಯುತ್ತನ್ನು ತೀರ ಉಳಿಸುವ ಗಾಢನಿದ್ರೆಯ ಏರ್ಪಾಡನ್ನು ತೆಗೆಯಬೇಕು. ಲಿನಕ್ಸಿನಲ್ಲಿ ಅದೇ ಅನುಮತಿಯನ್ನು ಪ್ರತಿಸಲವೂ ಉಳಿಯುವಂತೆ ಬರೆದಿಡಬೇಕು. ಕಚೇರಿಯ ವಿಂಡೋಸ್ ಯಂತ್ರದಲ್ಲಾದರೆ ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ಆರಿಸಬೇಕಾಯಿತು. ಕರೆಂಟು ಹೋಗಿಬಂದ ಮೇಲೆ ಕೆಲವು ಯಂತ್ರಗಳು ಕೂಗಿಗೆ ಓಗೊಡುವುದಿಲ್ಲವಾದ್ದರಿಂದ, ಕರೆಂಟು ಬಂದೊಡನೆ ತಾವಾಗಿ ಒಮ್ಮೆ ಏಳುವಂತೆಯೂ ಬಯೋಸಿನಲ್ಲಿ ಗೊತ್ತುಮಾಡಿದೆವು. ಹೀಗೆಲ್ಲ ಮಾಡಿಯೂ, ಹೊಸ ಕಾರ್ಡು ಹಾಕಿದ ಹನ್ನೊಂದರಲ್ಲಿ ನಾಲ್ಕು ಏಳಲಿಲ್ಲ. ಉಳಿದ ಇಪ್ಪತ್ತು ಎದ್ದವು.

ಇದೊಂದು ವಿನೋದವೆಂದೇ ನಾನು ಎಣಿಸಿದ್ದೆ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದವು. ಜೂನ್ ತಿಂಗಳಲ್ಲಿ ನಮ್ಮ ಹೊಸ ಕಟ್ಟಡವನ್ನು ಕ್ವಾರಂಟೈನ್ ಕೇಂದ್ರವಾಗಿ ತೆಗೆದುಕೊಳ್ಳುವ ಸೂಚನೆ ಬಂದಿತು. ನಾವಿಬ್ಬರೂ ಮುಖಗವುಸು ಕಟ್ಟಿಕೊಂಡು ಹೋಗಿ, ಬೇಸಿಗೆಯ ಸಿಡಿಲಿಗೆ ಹೆದರಿ ಕಿತ್ತಿಟ್ಟಿದ್ದ ತಂತಿಗಳನ್ನು ಅರ್ಧ ಗಂಟೆಯಲ್ಲಿ ಮತ್ತೆ ಸಿಕ್ಕಿಸಿ, ಬೀಗ ಹಾಕಿ ಬಂದೆವು. ಸೆಪ್ಟೆಂಬರಿನವರೆಗೆ ಒಳಗೆ ಕಾಲಿಡುವಂತಿರಲಿಲ್ಲ. ನಮ್ಮ ಮಳೆಗಾಲದ ತೇವವನ್ನು ಬಲ್ಲವರಿಗೆ, ನಾಲ್ಕು ತಿಂಗಳು ಮುಚ್ಚಿದ ಕೊಠಡಿಯಲ್ಲಿ ಪುಸ್ತಕ, ಬಟ್ಟೆ, ಯಂತ್ರಗಳಿಗೆ ಏನಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ವಾರಕ್ಕೆರಡು ದಿನ ನಾನು ಹಳೆಯ ಕಟ್ಟಡದ ಕಚೇರಿಯಲ್ಲಿ ಕುಳಿತು, ಅಂಗಳದಾಚೆಯ ಇಪ್ಪತ್ತು ಯಂತ್ರಗಳನ್ನು ಹೆಸರು ಹಿಡಿದು ಕರೆದು ಎಬ್ಬಿಸಿ, ಎರಡು ಗಂಟೆ ತಮ್ಮ ಕಾವಿನಲ್ಲಿ ತಾವೇ ಒಣಗಲು ಬಿಟ್ಟು, ಮತ್ತೆ ಅಲ್ಲಿಂದಲೇ ಆರಿಸುತ್ತಿದ್ದೆ. ಕಿಟಕಿಯ ಗಾಜಿನಲ್ಲಿ ಪರದೆಗಳ ನೀಲಿ ಬೆಳಕು ಮಳೆಯ ನಡುವೆ ಕಾಣುತ್ತಿತ್ತು. ಕೆಳಗಿನ ಕೊಠಡಿಗಳಲ್ಲಿ ದಿನ ಎಣಿಸುತ್ತಿದ್ದವರಲ್ಲೊಬ್ಬರು, ಮೇಲೆ ಯಾರೂ ಇಲ್ಲದೆ ದೀಪ ಹತ್ತುತ್ತದೆಂದು ಕಾವಲುಗಾರನನ್ನು ಕೇಳಿದರಂತೆ.

ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದಾಗ ಆ ಇಪ್ಪತ್ತೂ ಕೆಲಸ ಮಾಡಿದವು. ಕೂಗಿಗೆ ಏಳದಿದ್ದ ನಾಲ್ಕರಲ್ಲಿ ಮೂರನ್ನು, ಮೆಮೊರಿ ಹಲಗೆಗಳ ತುದಿಯನ್ನು ರಬ್ಬರಿನಿಂದ ಉಜ್ಜಿ ಬದುಕಿಸಿದೆವು. ಒಂದು ಬದುಕಲಿಲ್ಲ. 2021ರ ಜನವರಿ 1ರಂದು ಹತ್ತನೆಯ ತರಗತಿಯ ಮಕ್ಕಳು ಮರಳಿ ಬಂದಾಗ ಗಣಕಶಾಲೆ ಅವರಿಗಾಗಿ ಸಿದ್ಧವಾಗಿತ್ತು. ಅದೇ ವರ್ಷ ನಾನು ನಿವೃತ್ತನಾದೆ.

ಈಗ ಗಣಕಶಾಲೆಯ ಬಾಗಿಲ ಬಳಿ ಒಂದು ನೋಟ್‌ಪುಸ್ತಕ ತೂಗುತ್ತಿದೆ. ರಜೆಯ ಹಿಂದಿನ ದಿನ ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳು ಪ್ರತಿ ಯಂತ್ರದ ಎರಡೂ ತಂತಿಗಳನ್ನು ಕಿತ್ತು, ಯಂತ್ರದ ಅಂಕಿಯ ಮುಂದೆ ಸಹಿ ಹಾಕುತ್ತಾರೆ. ಹಿಂಗಾರಿನ ಗುಡುಗಿನ ದಿನಗಳಲ್ಲಿಯೂ ಹಾಗೆಯೇ. ಆ ಮಕ್ಕಳಿಗೆ ತುದಿ ಕಟ್ಟುವ ವಿದ್ಯೆಯನ್ನು ಕಲಿಸಲು ನನ್ನ ಶಿಷ್ಯ ವರ್ಷಕ್ಕೆರಡು ಬಾರಿ ಬರುತ್ತಾನೆ. ಶಾಲೆ ಆತನಿಗೆ ಸಂಭಾವನೆ ಕೊಡುತ್ತದೆ. ಮೊದಲ ಸಲ ಆತ ಕಪ್ಪುಹಲಗೆಯ ಮುಂದೆ ನಿಂತಾಗ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಗಣಿತದಲ್ಲಿ ಹಿಂದುಳಿದ ಹುಡುಗನೊಬ್ಬನ ತುದಿ ಪರೀಕ್ಷೆಗೆ ನಿಲ್ಲಲಿಲ್ಲ. ಆತ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನೊಮ್ಮೆ ಮಾಡಪ್ಪ" ಎಂದ.

ಯಂತ್ರಗಳಿಗೂ ಈಗ ವಯಸ್ಸಾಗಿದೆ. ಮುಂದೊಂದು ದಿನ ಅವುಗಳ ಸ್ಥಾನಕ್ಕೆ ಬೇರೆಯವು ಬರಬೇಕಾದೀತು. ನೆಲದಲ್ಲಿ ಹೂಳಿದ ಗಾಜಿನೆಳೆ ಇನ್ನೂ ಬಹುಕಾಲ ಬಾಳುತ್ತದೆ. ಹಿಂದೆ ಯಂತ್ರಗಳನ್ನು ಕಳುಹಿಸಿದ ಹಳೆಯ ವಿದ್ಯಾರ್ಥಿ ಬಂಧುಗಳಿಗೂ, ನನ್ನ ತಪ್ಪನ್ನು ಕೇಳಿಯೂ ಕೈಬಿಡದ ದಾನಿಗಳಿಗೂ, ನನ್ನನ್ನು ಸರಿಯಾದ ಬಾಗಿಲಿಗೆ ಕಳುಹಿಸಿದ ಆ ಹಿರಿಯರಿಗೂ ನಾನು ಋಣಿ. ಸಹೋದ್ಯೋಗಿ ಶಿಕ್ಷಕರಲ್ಲಿ ಒಂದು ವಿಜ್ಞಾಪನೆ: ಫಲಿತಾಂಶದ ಪಟ್ಟಿ ಹಿಡಿದು ತಂದೆಯೊಬ್ಬ ತಮ್ಮ ಬಳಿಗೆ ಬಂದಾಗ, ಏನನ್ನಾದರೂ ಹೇಳುವ ಮೊದಲು ಒಮ್ಮೆ ಬಿಡುವು ಮಾಡಿಕೊಂಡು ನಮ್ಮ ಗಣಕಶಾಲೆಗೆ ಬಂದು ಹೋಗಿರಿ.